ಹೊಟ್ಟೆಯೊಳಗೆ ದೀಪ ಒಯ್ದವರು

(ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ ಊರವರ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ಡಾಕ್ಟರಲ್ಲ, ಪತ್ರಿಕೆಯ ವರದಿಗಾರ. ಹೊಟ್ಟೆಯ ಕಾಯಿಲೆಯ ಬಗ್ಗೆ ಮಾತಾಡಲು ಇವನಿಗೇನು ಅಧಿಕಾರ ಎಂದು ನೀವು ಕೇಳಿದರೆ ತಪ್ಪಿಲ್ಲ. ನನ್ನ ಹತ್ತಿರ ಔಷಧವಿಲ್ಲ, ಒಂದು ಕಥೆ ಇದೆ. ಸುದ್ದಿಗಾಗಿ ಈ ಕಡೆಯ ಊರುಗಳಲ್ಲಿ ಓಡಾಡುವಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಹೊಟ್ಟ್ಯಾಗ ದುರ್ಬೀನು ಬಿಡ್ತಾರಂತ, ನಾ ಒಲ್ಲೆ.” ಈ ಒಲ್ಲೆ ಎಂಬ ಮಾತಿನ ಹಿಂದೆ ಏನಿದೆ, ಆ ದುರ್ಬೀನು ಎಲ್ಲಿಂದ ಬಂತು, ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಹೇಳಲು ಬಂದಿದ್ದೇನೆ.

ಮೊದಲು ಆ ಪದದ ಗೊಂದಲವನ್ನೇ ಬಿಡಿಸಿಕೊಳ್ಳೋಣ. ನಮ್ಮ ಹಳ್ಳಿಗಳಿಗೆ ‘ದುರ್ಬೀನ್ ಆಪರೇಷನ್’ ಎಂಬ ಮಾತು ಪರಿಚಯವಾದದ್ದು ಕುಟುಂಬ ಯೋಜನೆಯ ಶಿಬಿರಗಳಿಂದ. 1980ರ ದಶಕದಲ್ಲಿ ದೇಶದಾದ್ಯಂತ ಲ್ಯಾಪ್ರೊಸ್ಕೋಪಿ ಶಿಬಿರಗಳು ನಡೆದವು. ಸಾಲಾಗಿ ಹೆಂಗಸರನ್ನು ಮಲಗಿಸಿ, ಹೊಕ್ಕುಳ ಬಳಿ ಸಣ್ಣ ತೂತು ಮಾಡಿ, ಗಾಳಿ ತುಂಬಿ, ನಳಿಕೆ ಇಳಿಸಿ ಮಾಡುತ್ತಿದ್ದ ಶಸ್ತ್ರಚಿಕಿತ್ಸೆ ಅದು. ಹೀಗಾಗಿ ದುರ್ಬೀನು ಎಂದರೆ ಹೊಟ್ಟೆಗೆ ತೂತು ಎಂಬುದು ನಮ್ಮ ತಾಯಂದಿರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಇವತ್ತು ನಾನು ಹೇಳಹೊರಟ ಎಂಡೋಸ್ಕೋಪಿಗೆ ತೂತೂ ಬೇಡ, ಹೊಲಿಗೆಯೂ ಬೇಡ. ದೇವರು ಕೊಟ್ಟ ದಾರಿಯಲ್ಲೇ, ಬಾಯಿಂದಲೋ ಗುದದ್ವಾರದಿಂದಲೋ, ಅದು ಒಳಗೆ ಹೋಗುತ್ತದೆ, ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಅಂತರ್ದರ್ಶಕ ಎನ್ನುತ್ತಾರೆ. ಆ ಪದ ಸೊಗಸಾಗಿದೆ, ಆದರೆ ಆಸ್ಪತ್ರೆಯ ಚೀಟಿ ಮಾಡಿಸುವ ಕಿಟಕಿಯಲ್ಲಿ ಅದನ್ನು ಹೇಳಿದರೆ ಯಾರಿಗೂ ತಿಳಿಯಲಿಕ್ಕಿಲ್ಲ.

ದೇಹದೊಳಗೆ ಇಣುಕಬೇಕೆಂಬ ಆಸೆ ಹೊಸದೇನೂ ಅಲ್ಲ. ಸುಶ್ರುತಸಂಹಿತೆಯಲ್ಲಿ 101 ಯಂತ್ರಗಳ ಪಟ್ಟಿ ಇದೆ. ಅವುಗಳಲ್ಲಿ 20 ‘ನಾಡೀಯಂತ್ರ’ಗಳು, ಅಂದರೆ ಕೊಳವೆಯಾಕಾರದ ಉಪಕರಣಗಳು. ದೇಹದ ದ್ವಾರಗಳ ಒಳಗೆ ನೋಡುವುದಕ್ಕೆ, ಸಿಕ್ಕಿಕೊಂಡದ್ದನ್ನು ತೆಗೆಯುವುದಕ್ಕೆ ಅವು ಬಳಕೆಯಾಗುತ್ತಿದ್ದವು. ಗಂಟಲಲ್ಲಿ ಅರಗು ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಆ ಗ್ರಂಥ ಹೇಳುವ ಉಪಾಯ ಕೇಳಿ. ಗಂಟಲಿಗೆ ಕೊಳವೆ ಇಳಿಸಬೇಕು, ಅದರೊಳಗಿಂದ ಕಾಯಿಸಿದ ಸಲಾಕೆಯನ್ನು ತೂರಿಸಬೇಕು, ಅದು ಅರಗಿಗೆ ತಾಗಿ ಅಂಟಿಕೊಂಡ ಮೇಲೆ ತಣ್ಣೀರು ಬಿಟ್ಟು ಗಟ್ಟಿಮಾಡಿ ಎಳೆಯಬೇಕು. ಸಿಕ್ಕಿಕೊಂಡದ್ದು ಅರಗಲ್ಲದೆ ಬೇರೇನಾದರೂ ಆದರೆ ಸಲಾಕೆಯ ತುದಿಗೇ ಅರಗು, ಮೇಣ ಹಚ್ಚಬೇಕು. ಮೂಳೆ ಅಡ್ಡ ಸಿಕ್ಕಿದ್ದರೆ ದಾರಕ್ಕೆ ಕಟ್ಟಿದ ಕೂದಲ ಉಂಡೆಯನ್ನು ಗಂಜಿಯಂಥ ದ್ರವದ ಜತೆ ನುಂಗಿಸಿ, ವಾಂತಿ ಮಾಡಿಸಿ, ದಾರ ಎಳೆಯಬೇಕು.

ಇದನ್ನು ಹಿಡಿದುಕೊಂಡು ಎಂಡೋಸ್ಕೋಪಿ ನಮ್ಮಲ್ಲೇ ಹುಟ್ಟಿತ್ತು ಎಂದು ಭಾಷಣ ಬಿಗಿಯುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಗಂಟಲಿನಾಚೆಗೆ ಸುಶ್ರುತನ ಕಣ್ಣು ಹಾಯಲಿಲ್ಲ, ಹಾಯುವಂತೆಯೂ ಇರಲಿಲ್ಲ. ಆದರೆ ಕೊಳವೆಯೊಂದನ್ನು ದಾರಿಮಾಡಿಕೊಂಡು ಅದರೊಳಗಿಂದ ಇನ್ನೊಂದು ಉಪಕರಣವನ್ನು ಕಳಿಸುವ ಯೋಚನೆ ಇದೆಯಲ್ಲ, ಅದು ಅಲ್ಲಿ ಸ್ಪಷ್ಟವಾಗಿದೆ. ಇವತ್ತಿನ ಯಂತ್ರದ ಜೀವಾಳವೂ ಅದೇ.

ಇಲ್ಲಿಂದ ಯುರೋಪಿಗೆ ಹೋಗೋಣ. 1806ರ ಹೊತ್ತಿಗೆ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಫಿಲಿಪ್ ಬೊಟ್ಸಿನಿ ಎಂಬ ವೈದ್ಯ ಮೇಣದ ಬತ್ತಿ, ಕನ್ನಡಿ, ಕೊಳವೆ ಸೇರಿಸಿ ದೇಹದೊಳಗೆ ಬೆಳಕು ಒಯ್ಯುವ ಸಾಧನ ಮಾಡಿದ. 1853ರಲ್ಲಿ ಫ್ರಾನ್ಸಿನ ದೆಸೊರ್ಮೊ ದೀಪದ ಬೆಳಕಿನ ಇನ್ನೊಂದು ಸಾಧನ ತಂದು ‘ಎಂಡೋಸ್ಕೋಪ್’ ಎಂಬ ಹೆಸರಿಟ್ಟ. ಇವೆಲ್ಲ ಮೂತ್ರನಾಳದಂಥ ಹತ್ತಿರದ ಜಾಗಗಳಿಗೆ ಸಾಕಿತ್ತು. ಹೊಟ್ಟೆ ಮಾತ್ರ ದೂರ. ಬಾಯಿಂದ ಜಠರಕ್ಕೆ ಹೋಗುವ ದಾರಿ ಗಂಟಲಲ್ಲಿ ತಿರುಗುತ್ತದೆ. ನೆಟ್ಟಗಿನ ಕಬ್ಬಿಣದ ಕೊಳವೆಯನ್ನು ಯಾರು ತಾನೆ ನುಂಗುತ್ತಾರೆ?

ನುಂಗುವವನೊಬ್ಬ ಸಿಕ್ಕಿದ. 1868ರಲ್ಲಿ ಫ್ರೈಬರ್ಗಿನ ವೈದ್ಯ ಅಡಾಲ್ಫ್ ಕುಸ್‌ಮೌಲ್, ಕತ್ತಿ ನುಂಗುವ ಆಟಗಾರನೊಬ್ಬನನ್ನು ಕರೆಸಿ, ಸುಮಾರು 47 ಸೆಂಟಿಮೀಟರ್ ಉದ್ದದ ಲೋಹದ ಕೊಳವೆಯನ್ನು ಅವನ ಗಂಟಲಿಗೆ ಇಳಿಸಿದ. ತಲೆಯನ್ನು ಹಿಂದಕ್ಕೆ ಚೆಲ್ಲಿ ಬಾಯಿ, ಗಂಟಲು, ಅನ್ನನಾಳಗಳನ್ನು ಒಂದೇ ಗೆರೆಗೆ ತರುವ ವಿದ್ಯೆ ಅವನಿಗೆ ಕರಗತವಾಗಿತ್ತು. ಕೊಳವೆ ಹೋಯಿತು, ಆದರೆ ದೀಪದ ಬೆಳಕು ತಳ ಮುಟ್ಟಲಿಲ್ಲ. ಕುಸ್‌ಮೌಲ್‌ಗೆ ಹೆಚ್ಚೇನೂ ಕಾಣಲಿಲ್ಲ.

ನಮ್ಮವರಿಗೆ ಇಲ್ಲೊಂದು ಸಣ್ಣ ಸ್ವಾರಸ್ಯವಿದೆ. ಯುರೋಪಿನಲ್ಲಿ ಕತ್ತಿ ನುಂಗುವ ಆಟವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಭಾರತದ ಜಾದೂಗಾರರು ಮುಖ್ಯರು. ಲಂಡನ್ನಿನಲ್ಲಿ ಹೆಸರು ಮಾಡಿದ್ದವನು ‘ರಾಮೋ ಸಾಮಿ’. ರಾಮಸ್ವಾಮಿಯೇ ಆಂಗ್ಲರ ಬಾಯಲ್ಲಿ ಹೀಗಾಗಿರಬೇಕು. ಅವನು 1850ರಲ್ಲಿ ಅಲ್ಲೇ, ಬಡತನದಲ್ಲಿ ತೀರಿಕೊಂಡ. ಜಾತ್ರೆಯಲ್ಲಿ ಕತ್ತಿ ನುಂಗುವವನನ್ನು ನೋಡಿ ನಾವು ಎಂಟಾಣೆ ಎಸೆದು ಮುಂದೆ ಹೋದೆವು. ಅಲ್ಲೊಬ್ಬ ವೈದ್ಯ ಅದೇ ಆಟ ನೋಡಿ, ಇವನ ಗಂಟಲಲ್ಲಿ ದಾರಿ ಇದೆಯಲ್ಲ ಎಂದುಕೊಂಡ.

ಆಮೇಲಿನ ಎಂಬತ್ತು ವರ್ಷಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ವಿದ್ಯುತ್ ಬಲ್ಬು ಬಂತು, ಕೊಳವೆಯ ತುದಿಗೆ ಸಣ್ಣ ದೀಪ ಕೂತಿತು. 1932ರಲ್ಲಿ ಜರ್ಮನಿಯ ರುಡಾಲ್ಫ್ ಷಿಂಡ್ಲರ್ ಅರ್ಧ ಬಾಗುವ ಕೊಳವೆ ತಂದ. 1950ರಲ್ಲಿ ಜಪಾನಿನ ಒಲಿಂಪಸ್ ಕಂಪನಿಯವರು ನಳಿಕೆಯ ತುದಿಗೆ ಪುಟ್ಟ ಕ್ಯಾಮೆರಾವನ್ನೇ ಕಟ್ಟಿ ನುಂಗಿಸಿದರು. ಅದರಲ್ಲಿ ನೋಡಲಾಗುತ್ತಿರಲಿಲ್ಲ, ಫೋಟೊ ತೆಗೆಯಬಹುದಿತ್ತು ಅಷ್ಟೆ. ಕೋಣೆಯನ್ನು ಕತ್ತಲೆ ಮಾಡಿ, ಒಳಗೆ ಮಿಂಚಿದ ಬೆಳಕು ಹೊಟ್ಟೆಯ ಚರ್ಮದ ಮೇಲೆ ಎಲ್ಲಿ ಕೆಂಪಗೆ ಕಾಣುತ್ತದೆಂದು ನೋಡಿ, ಕ್ಯಾಮೆರಾ ಎಲ್ಲಿದೆ ಎಂದು ತಿಳಿಯುತ್ತಿದ್ದರು.

ನಿಜವಾದ ತಿರುವು ಕೊಟ್ಟವರಲ್ಲಿ ಒಬ್ಬರು ನಮ್ಮ ದೇಶದವರು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಬೆಳಕು ನೇರವಾಗಿಯೇ ಹೋಗುತ್ತದೆ ಎಂಬ ಶಾಲೆಯ ಪಾಠ ಅವರ ತಲೆಯನ್ನು ಕೊರೆಯುತ್ತಿತ್ತಂತೆ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ಒಂದು ತುದಿಗೆ ಬೆಳಕು ಬಿಟ್ಟರೆ ಅದು ಒಳಗೋಡೆಗೆ ಬಡಿದು ಬಡಿದು ಪ್ರತಿಫಲಿಸುತ್ತ, ಎಳೆ ಬಾಗಿದಂತೆ ತಾನೂ ಬಾಗಿ ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಇಂಥ ಸಾವಿರಾರು ಎಳೆಗಳನ್ನು ಜಡೆಯಂತೆ ಕಟ್ಟಿದರೆ ಒಂದೊಂದು ಎಳೆ ಚಿತ್ರದ ಒಂದೊಂದು ಚುಕ್ಕೆ ಹೊತ್ತು ತರುತ್ತದೆ. ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜತೆ ಅವರು ಇದನ್ನು ಮಾಡಿ ತೋರಿಸಿ, 1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಷೊವಿಟ್ಸ್ ಎಂಬ ಹೊಟ್ಟೆಯ ಡಾಕ್ಟರು ಲಂಡನ್ನಿಗೆ ಹೋಗಿ ಅವರನ್ನು ಕಂಡರು. ಆಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಲ್ಯಾರಿ ಕರ್ಟಿಸ್ ಎಂಬ ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗನ ಕೈಚಳಕದಿಂದ ಒಳ್ಳೆಯ ಗಾಜಿನ ಎಳೆ ಸಿದ್ಧವಾಯಿತು. 1957ರಲ್ಲಿ ಸುಲಭವಾಗಿ ಬಾಗುವ ಮೊದಲ ಜಠರದರ್ಶಕ ತಯಾರಾದಾಗ ಹಿರ್ಷೊವಿಟ್ಸ್ ಅದನ್ನು ಮೊದಲು ಇಳಿಸಿಕೊಂಡದ್ದು ತಮ್ಮದೇ ಗಂಟಲಿಗೆ. ಕಪಾನಿಯವರಿಗೆ ಭಾರತ ಸರ್ಕಾರ ಪದ್ಮವಿಭೂಷಣ ಘೋಷಿಸಿದ್ದು 2021ರಲ್ಲಿ, ಅವರು ತೀರಿಕೊಂಡ ಮರುತಿಂಗಳು.

ಈಗ ಗಾಜಿನ ಎಳೆಯ ಜಾಗಕ್ಕೂ ತುದಿಯಲ್ಲಿ ಕೂರುವ ಎಲೆಕ್ಟ್ರಾನಿಕ್ ಚಿಪ್ ಬಂದಿದೆ. 1983ರಿಂದ ಚಿತ್ರ ಟಿವಿ ಪರದೆಯ ಮೇಲೆ ಬರುತ್ತಿದೆ. ನಳಿಕೆ ಸುಮಾರು ಒಂದು ಮೀಟರ್ ಉದ್ದ, ಕಿರುಬೆರಳಿಗಿಂತ ತೆಳು. ಅದರಲ್ಲಿ ದೀಪವಿದೆ, ಕಣ್ಣಿದೆ, ಗಾಳಿ ನೀರು ಬಿಡುವ ಬಾಯಿ ಇದೆ. ಇವುಗಳ ಜತೆ ಮೂರು ಮಿಲಿಮೀಟರಿಗೂ ಕಡಿಮೆ ಅಗಲದ ಒಂದು ಖಾಲಿ ಹಾದಿ ಇದೆ. ನನ್ನ ಮಟ್ಟಿಗೆ ಇಡೀ ಯಂತ್ರದಲ್ಲಿ ಅತ್ಯಂತ ಮುಖ್ಯವಾದದ್ದು ಈ ಖಾಲಿ ಹಾದಿ. ನೋಡುವ ಯಂತ್ರ ಮಾಡುವ ಯಂತ್ರವಾದದ್ದು ಇದರಿಂದ.

ಆ ಹಾದಿಯಲ್ಲಿ ಏನೇನು ಕಳಿಸುತ್ತಾರೆ ನೋಡಿ. ಸೂಜಿ, ಚಿಮಟ, ಕುಣಿಕೆ, ಬುಟ್ಟಿ, ಕ್ಲಿಪ್ಪು, ಬಲೂನು. ಹುಣ್ಣು ಒಡೆದು ರಕ್ತ ಸುರಿಯುತ್ತಿದ್ದರೆ ಸೂಜಿಯಿಂದ ಔಷಧ ಚುಚ್ಚಿ, ಕ್ಲಿಪ್ ಹಾಕಿ ನಿಲ್ಲಿಸುತ್ತಾರೆ. ದೊಡ್ಡ ಕರುಳಿನಲ್ಲಿ ಬೆಳೆದ ಗಂಟನ್ನು ಕುಣಿಕೆ ಬಿಗಿದು ವಿದ್ಯುತ್ತಿನಿಂದ ಕತ್ತರಿಸುತ್ತಾರೆ. 1969ರಲ್ಲಿ ನ್ಯೂಯಾರ್ಕಿನಲ್ಲಿ ವುಲ್ಫ್ ಮತ್ತು ಶಿನ್ಯಾ ಎಂಬ ವೈದ್ಯರು ಇದನ್ನು ಶುರುಮಾಡಿದರು. ಆ ಗಂಟುಗಳಲ್ಲಿ ಕೆಲವು ವರ್ಷಗಳ ಮೇಲೆ ಕ್ಯಾನ್ಸರ್ ಆಗುವಂಥವು. ಅವನ್ನು ತೆಗೆಸಿಕೊಂಡವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾವು ಅರ್ಧಕ್ಕಿಂತ ಕಡಿಮೆಯಾಯಿತೆಂದು ಅಮೆರಿಕದ ದೀರ್ಘಕಾಲದ ಅಧ್ಯಯನವೊಂದು 2012ರಲ್ಲಿ ಹೇಳಿತು. ಪಿತ್ತನಾಳದಲ್ಲಿ ಕಲ್ಲು ಕೂತು ಕಾಮಾಲೆ ಬಂದರೆ, ಆ ನಾಳ ಕರುಳಿಗೆ ತೆರೆಯುವ ಬಾಯನ್ನು ಒಂದಿಷ್ಟು ಕೊಯ್ದು ಬುಟ್ಟಿಯಿಂದ ಕಲ್ಲು ಎಳೆಯುತ್ತಾರೆ. 1974ರಲ್ಲಿ ಜರ್ಮನಿ, ಜಪಾನ್ ಎರಡೂ ಕಡೆ ಇದು ಮೊದಲಾಯಿತು. ಅದಕ್ಕೆ ಮುಂಚೆ ಇದಕ್ಕಾಗಿ ಹೊಟ್ಟೆ ಸೀಳಲೇಬೇಕಿತ್ತು.

ಗಣಿ ನಾಡಿನವರಾದ ನಿಮಗೆ ಹಿಡಿಸುವ ಒಂದು ಚಿಕಿತ್ಸೆ ಇದೆ. ಕೆಲವರಿಗೆ ಅನ್ನನಾಳದ ಕೆಳಬಾಯಿಯ ಸ್ನಾಯು ಬಿಗಿದುಕೊಂಡು ಸಡಿಲವೇ ಆಗುವುದಿಲ್ಲ, ಉಂಡದ್ದು ಎದೆಯಲ್ಲೇ ನಿಲ್ಲುತ್ತದೆ. ಜಪಾನಿನ ಹರುಹಿರೊ ಇನೊಯೆ 2008ರಲ್ಲಿ ಮಾಡಿದ್ದೇನೆಂದರೆ, ಅನ್ನನಾಳದ ಒಳಪದರದಲ್ಲಿ ಸಣ್ಣ ಬಾಗಿಲು ಕೊಯ್ದು, ಗೋಡೆಯ ಪದರಗಳ ನಡುವೆ ಸುರಂಗ ತೋಡುತ್ತ ಕೆಳಗಿಳಿದು, ಬಿಗಿದ ಸ್ನಾಯುವನ್ನು ಕತ್ತರಿಸಿ, ಬರುವಾಗ ಬಾಗಿಲಿಗೆ ಕ್ಲಿಪ್ ಹಾಕಿ ಮುಚ್ಚುವುದು. ಮೈಮೇಲೆ ಒಂದು ಗೀರೂ ಇಲ್ಲ.

ನಮ್ಮ ಪಕ್ಕದ ಹೈದರಾಬಾದ್ ಈ ವಿದ್ಯೆಗೆ ಜಗತ್ತೇ ತಿರುಗಿ ನೋಡುವ ಊರಾಗಿದೆ. ಅಲ್ಲಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೊಎಂಟರಾಲಜಿ ಕಟ್ಟಿದ ಡಾ. ಡಿ. ನಾಗೇಶ್ವರ ರೆಡ್ಡಿ ಎಂಬಿಬಿಎಸ್ ಓದಿದ್ದು ಬಳ್ಳಾರಿಗೆ ದೂರವಲ್ಲದ ಕರ್ನೂಲಿನಲ್ಲಿ. 2025ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 2004ರ ಸುಮಾರಿಗೆ ಅವರೂ ಡಾ. ಜಿ.ವಿ. ರಾವ್ ಅವರೂ ಸೇರಿ, ಬಾಯಿಂದ ನಳಿಕೆ ಇಳಿಸಿ, ಜಠರದ ಗೋಡೆ ದಾಟಿ, ಅಪೆಂಡಿಕ್ಸನ್ನು ಬಾಯಿಂದಲೇ ಹೊರತೆಗೆದರು. ಜಗತ್ತು ಬೆರಗಾಯಿತು. ಆದರೆ ಆ ದಾರಿ ದಿನನಿತ್ಯದ ಚಿಕಿತ್ಸೆಯಾಗಲಿಲ್ಲ, ಹೊಟ್ಟೆಗೆ ಎರಡು ಮೂರು ಸಣ್ಣ ತೂತು ಮಾಡುವುದೇ ಸುಲಭವೆಂದು ಬಹುತೇಕ ಸರ್ಜನ್ನರು ತೀರ್ಮಾನಿಸಿದರು. ಮಾಡಲು ಸಾಧ್ಯವಾದದ್ದೆಲ್ಲ ಮಾಡಬೇಕಾದದ್ದೇನೂ ಅಲ್ಲವಲ್ಲ.

ದುರ್ಬೀನಿಗೂ ಮಿತಿ ಇದೆ ಎನ್ನುವುದಕ್ಕೆ ನಮ್ಮ ಕಡೆಯದೇ ಒಂದು ಪ್ರಸಂಗ ಹೇಳುತ್ತೇನೆ. 2022ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆ ಲಿಂಗಸುಗೂರಿನ 58 ವರ್ಷದ ವ್ಯಕ್ತಿಯೊಬ್ಬರನ್ನು ಹೊಟ್ಟೆನೋವೆಂದು ಬಾಗಲಕೋಟೆಯ ಎಚ್‌.ಎಸ್‌.ಕೆ. ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ, ಎಂಡೋಸ್ಕೋಪಿ ಮಾಡಿ ನೋಡಿದರೆ ಹೊಟ್ಟೆ ತುಂಬ ನಾಣ್ಯ! ಐದು ರೂಪಾಯಿಯವು 56, ಎರಡು ರೂಪಾಯಿಯವು 51, ಒಂದು ರೂಪಾಯಿಯವು 80. ಒಟ್ಟು 187 ನಾಣ್ಯ, 462 ರೂಪಾಯಿ, ತೂಕ ಒಂದು ಕಿಲೋಗೂ ಹೆಚ್ಚು. ಅವರಿಗೆ ಮಾನಸಿಕ ಕಾಯಿಲೆಯಿತ್ತು, ನಗುವ ವಿಷಯವಲ್ಲ. ಒಂದೆರಡು ನಾಣ್ಯವಾಗಿದ್ದರೆ ಬುಟ್ಟಿಯಲ್ಲಿ ಹಿಡಿದು ಎಳೆಯುತ್ತಿದ್ದರು. ಜಠರ ಬಲೂನಿನಂತೆ ಊದಿ, ನಾಣ್ಯಗಳು ಅಲ್ಲಲ್ಲಿ ಸೇರಿಕೊಂಡಿದ್ದರಿಂದ ವೈದ್ಯರು ಹೊಟ್ಟೆ ಕೊಯ್ದೇ ತೆಗೆದರು. ದುರ್ಬೀನು ಅಲ್ಲಿ ಒಳಗೇನಿದೆ ಎಂದು ತೋರಿಸಿತು, ಉಳಿದದ್ದು ಚಾಕುವಿನ ಕೆಲಸವಾಯಿತು.

ನಾಣ್ಯದ ಮಾತು ಬಂದದ್ದರಿಂದ ತಾಯಂದಿರಿಗೆ ಒಂದು ವಿಷಯ. ಮಗು ನಾಣ್ಯ ನುಂಗಿದರೆ ನಾವು ಮೊದಲು ಮಾಡುವುದು ಬಾಳೆಹಣ್ಣು ತಿನ್ನಿಸುವುದು. ಹಾಗೆ ಮಾಡಬೇಡಿ. ಜಠರಕ್ಕೆ ಇಳಿದ ನಾಣ್ಯ ಸಾಮಾನ್ಯವಾಗಿ ತಾನೇ ಹೊರಗೆ ಹೋಗುತ್ತದೆ, ಅದಕ್ಕೆ ಹಣ್ಣು ಬೇಕಿಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡಿದ್ದರೆ ಒಂದು ದಿನದೊಳಗೆ ತೆಗೆಯಬೇಕು, ಆಗ ಹೊಟ್ಟೆ ತುಂಬಿದ್ದರೆ ಡಾಕ್ಟರಿಗೂ ಕಷ್ಟ, ಮಗುವಿಗೂ ಅಪಾಯ. ಗಡಿಯಾರ, ಆಟಿಕೆಗಳಲ್ಲಿ ಇರುವ ಗುಂಡಿಯಂಥ ಬ್ಯಾಟರಿ ನುಂಗಿದ್ದರೆ ಗಂಟೆಗಳ ಲೆಕ್ಕ. ಅದು ಅನ್ನನಾಳವನ್ನೇ ಸುಟ್ಟು ತೂತು ಮಾಡುತ್ತದೆ. ಒಂದು ನಿಮಿಷವೂ ಕಾಯದೆ ಹೊರಡಬೇಕು.

ಈಗ ನಾನು ಬಂದ ಮುಖ್ಯ ಕಾರಣಕ್ಕೆ ಬರುತ್ತೇನೆ. ನಮ್ಮಲ್ಲಿ ಹೊಟ್ಟೆಯ ಎಲ್ಲ ತೊಂದರೆಗೂ ಒಂದೇ ಹೆಸರು, ಗ್ಯಾಸು. ಅದಕ್ಕೊಂದು ಗುಳಿಗೆ. ಹತ್ತರಲ್ಲಿ ಎಂಟು ಸಲ ಅದು ಸರಿಯೂ ಇರುತ್ತದೆ. ಹೊಟ್ಟೆ ಉರಿದವರೆಲ್ಲ ನಳಿಕೆ ನುಂಗಬೇಕೆಂದು ನಾನು ಹೇಳುತ್ತಿಲ್ಲ. ಬಹುಪಾಲು ಹುಣ್ಣುಗಳಿಗೆ ಒಂದು ಬ್ಯಾಕ್ಟೀರಿಯ ಕಾರಣವೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಅದನ್ನು 1984ರಲ್ಲಿ ತಾನೇ ಕುಡಿದು ತೋರಿಸಿದ ಮೇಲೆ, ಅವೂ ಎರಡು ವಾರದ ಔಷಧದಲ್ಲಿ ವಾಸಿಯಾಗುತ್ತವೆ. ನಮ್ಮ ಹಿರಿಯರಲ್ಲಿ ಹಲವರ ಹೊಟ್ಟೆಯ ನಡುವೆ ಉದ್ದ ಹೊಲಿಗೆಯ ಗೆರೆ ಇರುತ್ತದಲ್ಲ, ಅದು ಹುಣ್ಣಿಗಾಗಿ ಆಪರೇಷನ್ ಮಾಡುತ್ತಿದ್ದ ಕಾಲದ ಗುರುತು. ಈಗ ಅಂಥ ಆಪರೇಷನ್ ತೀರ ಅಪರೂಪ.

ಆದರೆ ಕೆಲವು ಗುರುತುಗಳಿವೆ, ಅವು ಗ್ಯಾಸಿನವಲ್ಲ. ನುಂಗುವುದು ಕಷ್ಟವಾಗುವುದು ಅವುಗಳಲ್ಲಿ ಮೊದಲನೆಯದು. ಅನ್ನನಾಳದ ಗಡ್ಡೆ ನಮ್ಮ ಕಡೆ ಹೇಗೆ ಬರುತ್ತದೆಂದರೆ, ಮೊದಲು ಜೋಳದ ರೊಟ್ಟಿ ಇಳಿಯುವುದಿಲ್ಲ. ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. ಆಮೇಲೆ ಅದೂ ಆಗದು, ಮೆತ್ತಗಿನ ಅನ್ನ. ಆಮೇಲೆ ಗಂಜಿ. ಕೊನೆಗೆ ನೀರು. ಪ್ರತಿ ಹೆಜ್ಜೆಯಲ್ಲೂ ಮನುಷ್ಯ ಹೊಂದಿಕೊಂಡುಬಿಡುತ್ತಾನೆ, ಹಲ್ಲಿಲ್ಲ, ವಯಸ್ಸಾಯಿತು ಎಂದು ಮನೆಯವರೂ ಸುಮ್ಮನಾಗುತ್ತಾರೆ. ರೊಟ್ಟಿ ಇಳಿಯದ ತಿಂಗಳಿನಲ್ಲೇ ಹೋದರೆ ಚಿಕಿತ್ಸೆಗೆ ಅವಕಾಶವಿರುತ್ತದೆ. ನೀರು ಇಳಿಯದಾಗ ಹೋದರೆ, ಅನ್ನನಾಳಕ್ಕೆ ಜಾಲರಿಯ ಕೊಳವೆ ಕೂರಿಸಿ ಗಂಜಿ ಇಳಿಯುವಂತೆ ಮಾಡಬಹುದು, ಅಷ್ಟೆ. ಗುಟ್ಕಾ ಮಾರಾಟವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ತಂಬಾಕು ಮಾತ್ರ ಬೇರೆ ಬೇರೆ ಪೊಟ್ಟಣದಲ್ಲಿ ಅಂಗಡಿಯ ಮುಂದೆ ತೂಗುತ್ತಲೇ ಇದೆ.

ಎರಡನೆಯದು ರಕ್ತ. ವಾಂತಿಯಲ್ಲಿ ಬಂದರೆ ಎಲ್ಲರಿಗೂ ಕಾಣುತ್ತದೆ. ಮಲ ಡಾಂಬರಿನಂತೆ ಕಪ್ಪಗೆ, ಅಂಟಾಗಿ, ಕೆಟ್ಟ ವಾಸನೆಯಿಂದ ಹೋದರೂ ಅದು ಮೇಲಿನಿಂದ ಇಳಿದ ರಕ್ತವೇ. (ಕಬ್ಬಿಣಾಂಶದ ಗುಳಿಗೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಗಾಬರಿ ಬೇಡ, ಡಾಕ್ಟರಿಗೆ ಹೇಳಿ.) ಕುಡಿತದಿಂದ ಲಿವರ್ ಗಟ್ಟಿಯಾದವರಿಗೆ ಅನ್ನನಾಳದ ರಕ್ತನಾಳಗಳು ಹಸುವಿನ ಕೆಚ್ಚಲಿನ ನರಗಳಂತೆ ಉಬ್ಬಿ ಒಡೆಯುತ್ತವೆ, ಬಕೆಟ್ಟಿನಂತೆ ರಕ್ತ ಕಾರುತ್ತಾರೆ. ಉಬ್ಬಿದ ನಾಳವನ್ನು ನಳಿಕೆಯೊಳಗೆ ಹೀರಿಕೊಂಡು ರಬ್ಬರ್ ಬ್ಯಾಂಡ್ ಬಿಗಿದರೆ ರಕ್ತ ನಿಲ್ಲುತ್ತದೆ. ಇದನ್ನು ಹನ್ನೆರಡು ಗಂಟೆಯೊಳಗೆ ಮಾಡಬೇಕೆಂಬುದು ವೈದ್ಯರ ನಿಯಮ. ಕುಡುಕನಿಗೆ ತಕ್ಕ ಶಾಸ್ತಿ ಎಂದು ಮನೆಯವರು, ನಾಚಿಕೆಯಿಂದ ಅವನೂ, ಬೆಳಗಾಗಲಿ ಎಂದು ಕಾಯುತ್ತಾರೆ. ಆ ಒಂದು ರಾತ್ರಿಯೇ ಎಷ್ಟೋ ಮನೆಗಳಲ್ಲಿ ಕೊನೆಯ ರಾತ್ರಿ. 108ಕ್ಕೆ ಫೋನು ಮಾಡಿ. ಅವನನ್ನು ಬೈಯುವುದಕ್ಕೆ ಆಮೇಲೆ ಬೇಕಾದಷ್ಟು ಸಮಯ ಸಿಗುತ್ತದೆ.

ಕಾರಣವಿಲ್ಲದೆ ತೂಕ ಇಳಿಯುವುದು, ಬಿಳಿಚಿಕೊಳ್ಳುವುದು, ಕಾಮಾಲೆಯ ಜತೆ ಚಳಿಜ್ವರ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಅಜೀರ್ಣ, ಇವೂ ತೋರಿಸಿಕೊಳ್ಳಬೇಕಾದ ಲಕ್ಷಣಗಳೇ. ಕಾಮಾಲೆಗೆ ನಾಟಿ ಔಷಧ ಕುಡಿಯುವ ಮುನ್ನ, ಪಿತ್ತನಾಳದಲ್ಲಿ ಕಲ್ಲು ಇದ್ದರೆ ಯಾವ ಸೊಪ್ಪಿನ ರಸವೂ ಅದನ್ನು ಹೊರಗೆ ತರಲಾರದು ಎಂಬುದು ನೆನಪಿರಲಿ.

ಪರೀಕ್ಷೆ ಹೇಗಿರುತ್ತದೆ? ಹಿಂದಿನ ರಾತ್ರಿಯಿಂದ ಊಟವಿಲ್ಲ. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸುತ್ತಾರೆ, ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಇಡುತ್ತಾರೆ. ವಾಕರಿಕೆ ಬರುತ್ತದೆ, ಉಸಿರು ಕಟ್ಟುವುದಿಲ್ಲ, ಏಕೆಂದರೆ ಉಸಿರಿನ ಕೊಳವೆ ಬೇರೆ. ನೋಡುವುದಷ್ಟೇ ಆದರೆ ಐದು ಹತ್ತು ನಿಮಿಷ. ಅಪಾಯವೇ ಇಲ್ಲವೆಂದರೆ ಸುಳ್ಳಾಗುತ್ತದೆ. ನೋಡುವ ಪರೀಕ್ಷೆಯಲ್ಲಿ ತೂತಾಗುವುದು ಸಾವಿರಾರರಲ್ಲಿ ಒಂದು. ಪಿತ್ತನಾಳದ ಚಿಕಿತ್ಸೆಯಲ್ಲಿ ಮಾತ್ರ ನೂರರಲ್ಲಿ ಐದಾರು ಜನಕ್ಕೆ, ಕೆಲವೊಮ್ಮೆ ಇನ್ನೂ ಹೆಚ್ಚು ಜನಕ್ಕೆ, ಮೇದೋಜೀರಕ ಗ್ರಂಥಿ ಊದಿಕೊಂಡು ನೋವಾಗುತ್ತದೆ. ಸರಿಯಾಗಿ ತೊಳೆಯದ ನಳಿಕೆಯಿಂದ ಸೋಂಕು ಹರಡಿದ ಪ್ರಕರಣಗಳು ಅಮೆರಿಕದಲ್ಲೇ ಆಗಿ, 2015ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. ಆದ್ದರಿಂದ ಯಾಕೆ ಮಾಡುತ್ತೀರಿ, ಹೇಗೆ ತೊಳೆಯುತ್ತೀರಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ದುಡ್ಡಿನ ಮಾತು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಬರೆದುಕೊಡುವ ಚೀಟಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಬೇಕು. ರೇಷನ್ ಕಾರ್ಡು, ಆಧಾರ್ ಕಾರ್ಡು ಮನೆಯಲ್ಲಿ ಒಂದೇ ಜಾಗದಲ್ಲಿಡಿ. ನಡುರಾತ್ರಿ ಹುಡುಕುವಂತಾಗಬಾರದು.

ಕೊನೆಗೆ ದೂರದ ಮಾತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಆ ಕಡೆ ಹೋಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ಜಿಲ್ಲೆಯ ಗಡಿ ರೋಗಿಗೆ ಮುಖ್ಯವಲ್ಲ, ಹತ್ತಿರದ ದುರ್ಬೀನು ಎಲ್ಲಿದೆ ಎಂಬುದು ಮುಖ್ಯ. 1961ರಲ್ಲಿ ಶುರುವಾದ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನವರೆಗೆ ರಕ್ತ ಕಾರುವವನನ್ನು ಒಯ್ಯುವುದೆಂದರೆ ಸಣ್ಣ ಪ್ರಯಾಣವಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಈ ಯಂತ್ರ ಇರುವುದಿಲ್ಲ. ಇದ್ದರೂ ನಡೆಸುವ ಕೈ ಬೇಕು, ತೊಳೆಯಲು ಕಲಿತ ನರ್ಸು ಬೇಕು.

ಇದೇ ನೆಲದ ಅದಿರು ಲೋಕವೆಲ್ಲ ಸುತ್ತುತ್ತದೆ. 2015ರಲ್ಲಿ ತಿದ್ದುಪಡಿಯಾದ ಗಣಿ ಕಾಯ್ದೆಯ ಪ್ರಕಾರ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು, ಗಣಿಯವರು ಅದಕ್ಕೆ ಹಣ ಕಟ್ಟಬೇಕು. ಆ ಹಣ ಗಣಿಬಾಧಿತ ಊರುಗಳಿಗೆ ಖರ್ಚಾಗಬೇಕು. ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂಬ ಪಟ್ಟಿಯಲ್ಲಿ ಕುಡಿಯುವ ನೀರಿನ ಜತೆ ಆರೋಗ್ಯವೂ ಇದೆ. ಸಂಡೂರಿಗೆ ಒಂದು ಎಂಡೋಸ್ಕೋಪಿ ಕೋಣೆ, ಅದಕ್ಕೊಬ್ಬ ತರಬೇತಾದ ಡಾಕ್ಟರು ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಲು ಯಾವ ಅಡ್ಡಿಯೂ ಇಲ್ಲ. ಅರ್ಜಿ ಬರೆಯುವ ಕೆಲಸವಿದ್ದರೆ ನಾನು ಕೂತು ಬರೆದುಕೊಡುತ್ತೇನೆ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಹಿಂದೆ ಕೂತಿರುವ ತಾಯಂದಿರು ಮೊದಲು ಕೇಳಲಿ.